ಇಷ್ಟೇ ಇಷ್ಟು

ಮರಿಯ ಗದ್ದ ಅಂಟಂಟಾಗಿತ್ತು. ಎತ್ತಿಕೊಂಡಾಗ ಅಜ್ಜಿಗೆ ಮೊದಲು ಗೊತ್ತಾದದ್ದು ಅದು. ಆಮೇಲೆ ಗೊತ್ತಾದದ್ದು ಕತ್ತು. ಎತ್ತಿಕೊಂಡ ತಕ್ಷಣ ಅಜ್ಜಿಯ ಕನ್ನಡಕ ಕಿತ್ತು ಬಾಯಿಗೆ ಹಾಕಿಕೊಳ್ಳುವ ಹತ್ತು ತಿಂಗಳ ಕೂಸು, ಇವತ್ತು ಕತ್ತು ಹಿಂದಕ್ಕೆ ಚೆಲ್ಲಿ ತೋಳಿನಿಂದ ಜೋತುಬಿತ್ತು. ನಿದ್ದೆ ಮಾಡುವ ಮಗು ಭಾರ ಇರುತ್ತದೆ, ನಿಜ. ಮೂರು ಹೆತ್ತು, ಈಗ ಮೂವರು ಮೊಮ್ಮಕ್ಕಳನ್ನು ಸಾಕುತ್ತಿರುವವಳಿಗೆ ಆ ಭಾರ ಗೊತ್ತಿಲ್ಲವೇ? ಇದು ಆ ಭಾರ ಅಲ್ಲ.

"ಮರೀ... ಏ ಮರೀ... ಏಳೋ ಕಂದಾ," ಎಂದು ಕೆನ್ನೆ ತಟ್ಟಿದಳು. ಕಣ್ಣು ಅರ್ಧ ತೆರೆಯಿತು, ಬಿಳಿ ಮಾತ್ರ ಕಂಡಿತು, ಮತ್ತೆ ಮುಚ್ಚಿತು. ಬಾಯಿಂದ ಸಿಹಿ ಸಿಹಿ ವಾಸನೆ. ಕೆಮ್ಮಿನ ಔಷಧಿಯ ವಾಸನೆ.

ಹೊಲಿಗೆ ಯಂತ್ರದ ಪಕ್ಕದಲ್ಲಿ, ಕತ್ತರಿಸಿ ಬಿಸಾಡಿದ ಬಟ್ಟೆ ಚೂರುಗಳ ನಡುವೆ, ಐದು ವರ್ಷದ ಬುಗುರಿ ಕಾಲು ಚಾಚಿ ಕೂತಿದ್ದಳು. ನಿಂತಲ್ಲಿ ನಿಲ್ಲದ ಹುಡುಗಿಯಾದ್ದರಿಂದ ಆ ಹೆಸರು. ಇವತ್ತು ಮಾತ್ರ ಗಂಭೀರವಾಗಿ ಕೂತಿದ್ದಳು. ಮುಂದೆ ನೀಲಿ ಅಂಚಿನ ಪಿಂಗಾಣಿ ತಟ್ಟೆ, ಒಂದು ಚಮಚ, ಉರುಳಿಬಿದ್ದ ಬಾಟಲಿ. ಅದರ ಬಾಯಿಂದ ಕೆಂಪು ಔಷಧಿ ಸೋರಿ ಬಟ್ಟೆ ಚೂರುಗಳು ಒದ್ದೆಯಾಗಿದ್ದವು.

"ನಾನೇ ಮಲಗಿಸ್ದೆ ಅಜ್ಜಿ," ಎಂದಳು, ಭೇಷ್ ಅನ್ನಿಸಿಕೊಳ್ಳುವ ಮುಖ ಮಾಡಿ. "ಅವನೂ ಕೆಮ್ತಾ ಇದ್ದ. ಔಷ್ದಿ ಕುಡಿಸ್ದೆ. ಅಳಲೇ ಇಲ್ಲ, ಗೊತ್ತಾ?"

ಅಜ್ಜಿ ಮರಿಯನ್ನು ಎದೆಗೊತ್ತಿಕೊಂಡಳು. "ಅಯ್ಯಯ್ಯೋ! ಎಷ್ಟೇ ಕುಡಿಸ್ದೆ? ಎಷ್ಟು?"

"ಒಂದ್ಚೂರು. ಇಷ್ಟೇ ಇಷ್ಟು."

ಈ ಅಜ್ಜಿಯ ಬಗ್ಗೆ ಒಂದಿಷ್ಟು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಬೀದಿಯವರು ಅವಳನ್ನು ಕರೆಯುವುದೇ ಅಳತೆ ಅಜ್ಜಿ ಎಂದು. ಟೇಪು ಸದಾ ಕೊರಳಲ್ಲಿ ನೇತಾಡುತ್ತಿರುತ್ತದೆ, ಆದರೆ ಅದು ಬರೀ ಶೋಕಿಗೆ. ಬಾಗಿಲಲ್ಲಿ ನಿಂತವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕತ್ತರಿ ಹಿಡಿಯುವವಳು. ಹೊಲಿದದ್ದು ಮೈಗೆ ಸರಿಯಾಗಿ ಕೂರದೆ ವಾಪಸ್ಸು ಬಂದದ್ದಿಲ್ಲ. ಹೊಲಿಸಿಕೊಂಡು ಹೋದವರೆಲ್ಲ ಹೊಗಳಿ ಹೊಗಳಿ, ಅಜ್ಜಿಗೆ ಸ್ವಲ್ಪ ಜಂಬವೂ ಇತ್ತು ಎನ್ನಿ.

ಮಕ್ಕಳನ್ನೂ ಅವಳು ಹಾಗೇ ಅಳೆದಿಟ್ಟಿದ್ದಳು. ಹಸುಗೂಸಿಗೆ ಕಣ್ಣೆದುರು ಇದ್ದದ್ದಷ್ಟೇ ಲೋಕ. ಗಿಲಕಿಯ ಮೇಲೆ ಕರ್ಚೀಫು ಮುಚ್ಚಿದರೆ ಗಿಲಕಿ ಹೋಯಿತು, ಅದು ಹುಡುಕುವುದೂ ಇಲ್ಲ. ಆಮೇಲೆ ಬರುವುದು ಬಾಯಿ ವಯಸ್ಸು, ಗುಂಡಿಯಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲ ಬಾಯಿಗೆ. ಅದು ಮುಗಿಯುವಷ್ಟರಲ್ಲಿ ಎಸೆಯೋ ವಯಸ್ಸು, ನೀವು ಎತ್ತಿಕೊಟ್ಟಷ್ಟು ಸಲ ಎಸೆದು, ಬಿದ್ದದ್ದೆಲ್ಲಿ ಎಂದು ಬಗ್ಗಿ ನೋಡುವುದು. ಆಮೇಲೆ ಯಾಕೆ ವಯಸ್ಸು. ಚಂದ್ರ ಯಾಕೆ ನಮ್ಮ ಹಿಂದೇನೇ ಬರ್ತಾನೆ, ಕುರ್ಚಿಗೆ ಯಾಕೆ ನೋವಾಗಲ್ಲ, ಯಾಕೆ, ಯಾಕೆ! ಕಟ್ಟಕಡೆಗೆ ಬಾಗಿಲು ಹಾಕ್ಕೊಳ್ಳೋ ವಯಸ್ಸು. ಹದಿಮೂರರ ದೊಡ್ಡ ಮೊಮ್ಮಗಳು ಈಗ ಅದರಲ್ಲಿದ್ದಳು, ಅಂದರೆ ಕೋಣೆಯ ಒಳಗಿದ್ದಳು.

ಬುಗುರಿಯದು ಕಣ್ಣಳತೆ ವಯಸ್ಸು. ಕಣ್ಣಿಗೆ ಕಂಡದ್ದೇ ಲೆಕ್ಕ. ಒಂದು ಬ್ರೆಡ್ಡನ್ನು ನಾಲ್ಕು ತುಂಡು ಮಾಡಿ ಕೊಟ್ಟರೆ 'ನಂಗೆ ನಾಲ್ಕು' ಎಂದು ಕುಣಿಯುತ್ತಿದ್ದಳು. ಹಾಲನ್ನು ಉದ್ದನೆಯ ಲೋಟಕ್ಕೆ ಹಾಕಿದರೆ ಜಾಸ್ತಿ, ಅಗಲದ ಬಟ್ಟಲಿಗೆ ಸುರಿದರೆ ಕಮ್ಮಿ. ನಿನ್ನ ಕಣ್ಣೆದುರಿಗೇ ಸುರಿದದ್ದಲ್ಲವೇನೇ ಎಂದರೆ, ಹೌದು, ಆದರೂ ಕಮ್ಮಿ. ಔಷಧಿ ಕುಡಿಸುವುದಕ್ಕೆ ಅಜ್ಜಿ ಹಿಡಿದುಕೊಂಡದ್ದು ಇದನ್ನೇ. ಬಾಟಲಿಯ ಪುಟ್ಟ ಮುಚ್ಚಳದಲ್ಲಿ ಕೆಂಪಗೆ ಕಂಠದವರೆಗೆ ನಿಂತ ಔಷಧಿಯನ್ನು ನೋಡಿದರೆ ಬುಗುರಿ ಮನೆ ತಲೆಕೆಳಗು ಮಾಡುತ್ತಿದ್ದಳು. ಅಜ್ಜಿ ಅದನ್ನೇ ನೀಲಿ ಅಂಚಿನ ತಟ್ಟೆಗೆ ಸುರಿದು, ತಟ್ಟೆಯನ್ನು ಒಮ್ಮೆ ತಿರುಗಿಸಿ ತೆಳ್ಳಗೆ ಹರಡಿಸಿ, ಮೂಗು ಸುಕ್ಕಿಸಿ ರಾಗವಾಗಿ ಹೇಳುತ್ತಿದ್ದಳು: "ಅಯ್ಯೇ, ಇಷ್ಟೇ ಇಷ್ಟು!" ಬುಗುರಿ ನಕ್ಕು ತಟ್ಟೆ ನೆಕ್ಕಿಬಿಡುತ್ತಿದ್ದಳು.

ಸೊಸೆಗೆ ಇದು ಸರಿಬರುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೆ. "ಅತ್ತೆ, ಮಗೂಗೆ ಮೋಸ ಮಾಡ್ಬೇಡಿ," ಎಂದು ಒಂದೆರಡು ಸಲ ಹೇಳಿದ್ದಳು.

"ಮೋಸ ಯಾವ್ದೇ? ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ. ನಿನ್ನ ಗಂಡಂಗೂ ಹೀಗೇ ಕುಡಿಸಿದ್ದು. ನೆಟ್ಟಗೆ ಬೆಳೀಲಿಲ್ವಾ?" ಎಂದು ಅಜ್ಜಿ ಬಾಯಿ ಮುಚ್ಚಿಸಿದ್ದಳು. ಸೊಸೆ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋಗಿದ್ದಳು.

ಈ ಮಧ್ಯಾಹ್ನ ಆದದ್ದು ಇಷ್ಟು. ಬುಗುರಿಗೆ ಔಷಧಿ ಹಾಕಿದ ಅಜ್ಜಿ ಹೊಸ ಬಾಟಲಿಯನ್ನು ಯಂತ್ರದ ಮೇಜಿನ ಮೇಲೆಯೇ ಬಿಟ್ಟಳು. ಮದುವಣಗಿತ್ತಿಯೊಬ್ಬಳು ಗೌನಿನ ಟ್ರಯಲ್ಲಿಗೆ ಬಂದಳು. "ಮರೀನ ನೋಡ್ಕೋ ಪುಟ್ಟಾ," ಎಂದು ಬುಗುರಿಗೆ ಹೇಳಿ ಅಜ್ಜಿ ಒಳಕೋಣೆಗೆ ಹೋದಳು. ಗೌನಿನ ತೋಳು ಬಿಚ್ಚಿ ಮತ್ತೆ ಕೂಡಿಸುವಾಗ ಹೊರಗೆ ಸದ್ದೇ ಇರಲಿಲ್ಲ. ನನ್ನ ಬಂಗಾರ, ಎಷ್ಟು ಚೆನ್ನಾಗಿ ಆಡಿಸ್ತಾ ಇದಾಳೆ ಎಂದುಕೊಂಡು ಅಜ್ಜಿ ಇನ್ನೊಂದು ತೋಳನ್ನೂ ಬಿಚ್ಚಿದ್ದಳು.

ಈಗ ಅವಳು ಬೀದಿಯಲ್ಲಿ ಕೂಗುತ್ತಿದ್ದಳು. ಕಾಲಲ್ಲಿ ಚಪ್ಪಲಿಯಿಲ್ಲ. ಎದುರುಮನೆಯ ಡ್ರೈವರು ಬನಿಯನ್ನಿನಲ್ಲೇ ಓಡಿಬಂದು ಕಾರು ತೆಗೆದ. ದೊಡ್ಡವಳು ಕೋಣೆಯಿಂದ ಹೊರಬಂದು, "ಏನಾಯ್ತು? ಅಜ್ಜಿ, ಏನಾಯ್ತು?" ಎಂದು ಕೇಳುತ್ತಲೇ ಇದ್ದಳು, ಆದರೂ ಅವಳೇ ಬಾಟಲಿ ಎತ್ತಿಕೊಂಡಳು, ಅವಳೇ ಬುಗುರಿಯ ಕೈ ಹಿಡಿದು ಕಾರಿಗೆ ಹತ್ತಿಸಿದಳು, ಅವಳೇ ಅಮ್ಮನಿಗೆ ಫೋನು ಮಾಡಿದಳು. ಮಕ್ಕಳ ಅಪ್ಪ ರೈಲಿನಲ್ಲಿ ಗಾರ್ಡು, ಎಲ್ಲೋ ದಾರಿಯಲ್ಲಿದ್ದ, ಸಿಗಲಿಲ್ಲ. ಕಾರಿನಲ್ಲಿ ಅಜ್ಜಿ ಮರಿಯ ಮೂಗಿನ ಕೆಳಗೆ ಬೆರಳು ಹಿಡಿದೇ ಕೂತಿದ್ದಳು. ಉಸಿರು ಬರುತ್ತಿತ್ತು. ಒಂದೊಂದು ಸಲ ಬರಲು ತಡವಾಗುತ್ತಿತ್ತು, ಆಗ ಅಜ್ಜಿಯ ಉಸಿರೂ ನಿಲ್ಲುತ್ತಿತ್ತು.

"ಮರೀಗೆ ಇನ್ನೂ ನಿದ್ದೆನಾ?" ಎಂದಳು ಬುಗುರಿ, ಕಿಟಕಿಯಿಂದ ಹೊರಗೆ ನೋಡುತ್ತ.

ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಚುರುಕು. ಮರಿಯ ಕಣ್ಣಿಗೆ ಬೆಳಕು ಬಿಟ್ಟಳು, ಎದೆಗೆ ಕೊಳವೆ ಇಟ್ಟಳು, ಬಾಟಲಿಯ ಮೇಲಿನ ಅಕ್ಷರ ಓದಿದಳು. "ನಿದ್ದೆ ಬರಿಸೋ ಔಷ್ದಿ ಇದು. ಎಷ್ಟು ಹೋಗಿದೆ ಹೊಟ್ಟೆಗೆ? ಅದು ಗೊತ್ತಾಗ್ಬೇಕು ನಂಗೆ. ಸ್ವಲ್ಪ ಆದ್ರೆ ಮಲಗಿ ಏಳ್ತಾನೆ, ನೋಡ್ಕೊಂಡಿದ್ರೆ ಸಾಕು. ಜಾಸ್ತಿ ಆಗಿದ್ರೆ ಈಗ್ಲೇ ಹೊಟ್ಟೆ ತೊಳೀಬೇಕು, ಉಸಿರಿಗೆ ಕೊಳವೆ ಹಾಕ್ಬೇಕು. ಇಷ್ಟು ಪುಟ್ಟ ಮಗೂಗೆ ಅದೆಲ್ಲ ಸುಮ್ ಸುಮ್ನೆ ಮಾಡೋ ಹಾಗಿಲ್ಲ."

"ಬಾಟ್ಲಿ ಬಟ್ಟೆ ಮೇಲೆ ಚೆಲ್ಲೋಗಿದೆ ಡಾಕ್ಟ್ರೇ, ಅದ್ರಿಂದ ಗೊತ್ತಾಗಲ್ಲ," ಎಂದಳು ಅಜ್ಜಿ.

ಡಾಕ್ಟರಮ್ಮ ಮಂಡಿಯೂರಿ ಬುಗುರಿಯ ಮಟ್ಟಕ್ಕೆ ಕೂತಳು. "ತಮ್ಮಂಗೆ ಎಷ್ಟು ಔಷ್ದಿ ಕೊಟ್ಟೆ ಪುಟ್ಟಿ? ಜಾಸ್ತಿ ಕೊಟ್ಯಾ, ಕಮ್ಮಿ ಕೊಟ್ಯಾ?"

"ಕಮ್ಮಿ. ಒಂದ್ಚೂರು."

"ನಿಜ್ವಾಗ್ಲೂ?"

"ನಾನು ಸುಳ್ಳು ಹೇಳಲ್ಲ," ಎಂದಳು ಬುಗುರಿ ಮುಖ ಊದಿಸಿ.

ಅವಳು ಸುಳ್ಳು ಹೇಳುವವಳಲ್ಲ. ಅಜ್ಜಿಗೆ ಹೋದ ಜೀವ ಬಂದಂತಾಯಿತು, ಅಲ್ಲೇ ಬೆಂಚಿನ ಮೇಲೆ ಕುಸಿದಳು. ಆ ಹೊತ್ತಿಗೆ ಸೊಸೆ ಓಡಿಬಂದಳು. ಅಂಗಡಿಯ ಕೋಟು ಮೈಮೇಲೇ ಇತ್ತು, ಯಾರದೋ ಕನ್ನಡಕವೂ ಕೈಯಲ್ಲೇ ಇತ್ತು. "ಏನೂ ಇಲ್ಲ ಕಣೆ, ಹೆದರ್ಬೇಡ, ಒಂದ್ಚೂರು ಅಂತೆ, ನಿದ್ದೆ ಮಾಡಿ ಏಳ್ತಾನಂತೆ," ಎಂದು ಅಜ್ಜಿ ಅವಳ ಕೈ ಹಿಡಿದುಕೊಂಡಳು. ಡಾಕ್ಟರಮ್ಮ ನರ್ಸಿಗೆ, ಮಗುವನ್ನು ವಾರ್ಡಿಗೆ ಹಾಕಿ, ಕಣ್ಣಿಟ್ಟಿರಿ ಎಂದು ಹೇಳಿ ಬಾಗಿಲ ಕಡೆ ತಿರುಗಿದಳು. ಪಕ್ಕದ ಮಂಚದಲ್ಲಿ ಇನ್ನೊಂದು ಮಗು ಅರಚುತ್ತಿತ್ತು.

"ಅಮ್ಮಾ, ನಾನೇ ಔಷ್ದಿ ಕುಡಿಸಿದ್ದು," ಎಂದು ಬುಗುರಿ ತಾಯಿಯ ಕೋಟು ಜಗ್ಗಿದಳು. ಮೂಗು ಸುಕ್ಕಿಸಿ, ರಾಗವಾಗಿ ಹೇಳಿದಳು: "ಅಯ್ಯೇ, ಇಷ್ಟೇ ಇಷ್ಟು!"

ಅಜ್ಜಿ ತಲೆಯೆತ್ತಿದಳು.

ಆ ಮಾತು ತನ್ನದು. ಆ ರಾಗ ತನ್ನದು. ಆ ಸುಕ್ಕಿಸಿದ ಮೂಗೂ ತನ್ನದೇ. ತಟ್ಟೆ! ಬುಗುರಿಯ ಮುಂದೆ ತಟ್ಟೆ ಇತ್ತಲ್ಲ. ತಾನೇ ಕಣ್ಣಾರೆ ನೋಡಿದ್ದಳು, ನೋಡಿಯೂ ತಲೆಗೆ ಹೋಗಿರಲಿಲ್ಲ. ಆ ಅಗಲದ ತಟ್ಟೆಯಲ್ಲಿ ಇವಳ ಕಣ್ಣಿಗೆ 'ಇಷ್ಟೇ' ಎಂದು ಕಾಣಬೇಕಾದರೆ ಎಷ್ಟು ಸುರಿದಿರಬೇಕು? ಬಾಯಿ ತೆರೆದರೆ ಸೊಸೆಯೆದುರಿಗೇ ಹೇಳಬೇಕು, ಬೇಡ ಬೇಡ ಎಂದ ಸೊಸೆಯ ಎದುರಿಗೆ. ಒಂದು ಗಳಿಗೆ, ದೇವರಾಣೆ ಒಂದೇ ಗಳಿಗೆ, ಅವಳ ನಾಲಿಗೆ ಏಳಲಿಲ್ಲ. ಡಾಕ್ಟರಮ್ಮ ಬಾಗಿಲು ದಾಟಿಬಿಟ್ಟಿದ್ದಳು.

"ಡಾಕ್ಟ್ರೇ! ನಿಂತ್ಕೊಳ್ಳಿ!" ಅಜ್ಜಿಯ ಕೂಗಿಗೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಒಂದ್ಚೂರು ಅಲ್ಲ ಅದು! ತಟ್ಟೇಲಿ ಹಾಕಿದಾಳೆ. ನಾನೇ ಕಲಿಸಿದ್ದು. ತಟ್ಟೇಲಿ ಹಾಕಿದ್ರೆ ಅವ್ಳಿಗೆ ಎಲ್ಲಾನೂ ಒಂದ್ಚೂರೇ!"

ಡಾಕ್ಟರಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಖಾಲಿ ಬಾಟಲಿಗೆ ಕುತ್ತಿಗೆಯವರೆಗೆ ನೀರು ತುಂಬಿಸಿದಳು. ಗಾಯ ತೊಳೆಯುವ ಅಗಲದ ಟ್ರೇ ಒಂದನ್ನು ಬುಗುರಿಯ ಮುಂದಿಟ್ಟಳು. "ಇದು ನಿಮ್ಮ ತಟ್ಟೆ, ಇದು ಔಷ್ದಿ. ತಮ್ಮಂಗೆ ಹೇಗೆ ಹಾಕ್ದೆ, ಹಾಗೇ ಹಾಕು ನೋಡೋಣ."

ಆಟ ಎಂದು ಬುಗುರಿಗೆ ಖುಷಿಯಾಯಿತು. ಎರಡೂ ಕೈಯಲ್ಲಿ ಬಾಟಲಿ ಹಿಡಿದು ಬಗ್ಗಿಸಿದಳು. ನೀರು ಟ್ರೇಯ ತಳದಲ್ಲಿ ಹರಡಿ ಕಾಣದಂತಾಯಿತು. ಬುಗುರಿ ತಲೆ ವಾಲಿಸಿ ನೋಡಿ, ಇನ್ನಷ್ಟು ಸುರಿದಳು. ಮತ್ತೆ ನೋಡಿದಳು, ಮತ್ತೆ ಸುರಿದಳು. ಸಾಕು ಎನ್ನೇ, ಸಾಕು ಎನ್ನೇ ಎಂದು ಅಜ್ಜಿಯ ಮನಸ್ಸು ಒಂದೇ ಸಮನೆ ಬಡಬಡಿಸುತ್ತಿತ್ತು. ಬಾಟಲಿ ಮುಕ್ಕಾಲು ಖಾಲಿಯಾದ ಮೇಲೆ ಹುಡುಗಿ ಕೈ ತಡೆದಳು, ಟ್ರೇಯನ್ನು ಸ್ವಲ್ಪ ತಿರುಗಿಸಿದಳು.

"ಇಷ್ಟೇ. ಆಮೇಲೆ ಬಾಟ್ಲಿ ಬಿದ್ದೋಯ್ತು."

"ಇದರಲ್ಲಿ ತಮ್ಮ ಎಷ್ಟು ಕುಡಿದ?"

"ಎಲ್ಲಾನೂ. ಚಮ್ಚದಲ್ಲಿ ಕೊಟ್ಟೆ. ಕೊನೇಗೆ ತಟ್ಟೆ ನೆಕ್ಕಿಸ್ದೆ. ಜಾಣ ಅಂದೆ."

ಡಾಕ್ಟರಮ್ಮ ಟ್ರೇಯ ನೀರನ್ನು ಗೀಟು ಹಾಕಿದ ಸಪೂರ ಗಾಜಿನ ಕೊಳವೆಗೆ ಬಗ್ಗಿಸಿದಳು. ನೀರು ಏರಿತು. ಒಂದು ಗೀಟು ದಾಟಿತು, ಇನ್ನೊಂದು ದಾಟಿತು, ಏರುತ್ತಲೇ ಹೋಯಿತು. ನರ್ಸು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಸೊಸೆಯ ಕೈಯಿಂದ ಯಾರದೋ ಕನ್ನಡಕ ನೆಲಕ್ಕೆ ಬಿದ್ದು ಒಡೆಯಿತು, ಯಾರೂ ಅತ್ತ ನೋಡಲಿಲ್ಲ.

"ಹೊಟ್ಟೆ ತೊಳೆಯೋಕೆ ರೆಡಿ ಮಾಡಿ! ಬೇಗ!" ಡಾಕ್ಟರಮ್ಮ ಆಗಲೇ ಓಡುತ್ತಿದ್ದಳು. ಮರಿಯನ್ನು ಎತ್ತಿಕೊಂಡು ಹೋದರು. ಎರಡು ರೆಕ್ಕೆಯ ಬಾಗಿಲು ಮುಚ್ಚಿಕೊಂಡಿತು.

ಮೇಜಿನ ಮೇಲೆ ಉಳಿದ ಗಾಜಿನ ಕೊಳವೆಯನ್ನು ಬುಗುರಿ ದಿಟ್ಟಿಸುತ್ತಿದ್ದಳು. ಅವಳ ತುಟಿ ಅದುರಿತು. "ಇದು ಜಾಸ್ತಿ ಇದೆ. ನಾನು ಇಷ್ಟು ಹಾಕ್ಲಿಲ್ಲ. ಅವ್ರು ಜಾಸ್ತಿ ಮಾಡಿದ್ರು. ಅಜ್ಜಿ, ನೀನು ನೋಡ್ದೆ ಅಲ್ವಾ? ನಾನು ಇಷ್ಟೇ ಅಲ್ವಾ ಹಾಕಿದ್ದು?" ಅಷ್ಟು ಹೊತ್ತಿಗೆ ಅವಳು ಅತ್ತದ್ದು ಅದೇ ಮೊದಲು, ತನ್ನ ಮಾತನ್ನು ಯಾರೂ ನಂಬಲಿಲ್ಲವಲ್ಲ ಎಂದು.

ಅಜ್ಜಿ ಅವಳನ್ನು ತಬ್ಬಿಕೊಂಡಳು.

ಆ ಬಾಗಿಲ ಹೊರಗೆ ಕಾದದ್ದನ್ನು ಏನೆಂದು ಹೇಳುವುದು. ದೊಡ್ಡವಳು ಗೋಡೆಗೆ ಆನಿಕೊಂಡು ಒಂದೇ ಸಮ ಗೊಣಗುತ್ತಿದ್ದಳು. "ಒಂದ್ವೇಳೆ ನಾನು ಬಾಗಿಲು ತೆಗ್ದಿದ್ರೆ... ಒಂದ್ವೇಳೆ ನೀರು ಕುಡಿಯೋಕಾದ್ರೂ ಹೊರಗೆ ಬಂದಿದ್ರೆ... ಒಂದ್ವೇಳೆ ಆ ಗೌನಿನವಳು ನಾಳೆ ಬಂದಿದ್ರೆ..." ಆಗದೇ ಹೋದದ್ದನ್ನೆಲ್ಲ ಜೋಡಿಸಿ ಜೋಡಿಸಿ ನೋಡಿ ಸಂಕಟಪಡುವ ಬುದ್ಧಿ ಅವಳಿಗೆ ಬಂದಿತ್ತು. ಸೊಸೆ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಅಜ್ಜಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮರಿ ಉಳಿದುಕೊಂಡ. ಮರುದಿನ ಬೆಳಿಗ್ಗೆ ಅವನು ಮೊದಲು ಸಣ್ಣಗೆ, ಆಮೇಲೆ ಆಸ್ಪತ್ರೆ ಕಿತ್ತುಹೋಗುವಂತೆ ಅತ್ತಾಗ, ಅವನ ಜೊತೆ ಎಲ್ಲರೂ ಅತ್ತರು. ರೈಲಿನಿಂದ ನೇರ ಬಂದ ಅಪ್ಪ ಗಾರ್ಡಿನ ಟೋಪಿಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದ. ಆಗ ಸೊಸೆ ಬಾಯಿಬಿಟ್ಟಳು, ಎಲ್ಲರಿಗೂ ಸೇರಿಸಿ ಒಂದೇ ಮಾತು: "ಬುಗುರಿ ಹತ್ರ ಯಾರೂ ಈ ವಿಷ್ಯ ಎತ್ಬಾರ್ದು. ಅವ್ಳಿಗೆ ಅರ್ಥ ಆಗಲ್ಲ."

ಅಜ್ಜಿ ತಲೆಯಾಡಿಸಿದಳು. ಈಗ ಆಗಲ್ಲ, ಎಂದು ಮನಸ್ಸಿನಲ್ಲೇ ತಿದ್ದಿಕೊಂಡಳು. ಮಕ್ಕಳು ಒಂದೇ ವಯಸ್ಸಿನಲ್ಲಿ ನಿಲ್ಲುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೀಲಿ ಅಂಚಿನ ತಟ್ಟೆ ಅಡುಗೆಮನೆಯ ಮೇಲಿನ ಶೆಲ್ಫಿಗೆ ಹೋಯಿತು. ಸೊಸೆ ನಿಧಾನವಾಗಿ ಮಾತಾಡತೊಡಗಿದಳು, ಮೊದಲು ಉಪ್ಪು ಸಾಕಾ ಎಂದು, ಆಮೇಲೆ ಉಳಿದದ್ದು. ಮರಿ ಬಾಯಿ ವಯಸ್ಸು ದಾಟಿ ಎಸೆಯೋ ವಯಸ್ಸಿಗೆ ಬಂದ. ಬುಗುರಿಯ ಹಲ್ಲು ಬಿತ್ತು, ಹೊಸದು ಬಂತು, ಓದಲು ಕಲಿತಳು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿ ಮಾತ್ರ ಬೇರೆಯದನ್ನೇ ಅಳೆಯುತ್ತಿದ್ದಳು. ಯಾರೂ ಇಲ್ಲದಾಗ ಎರಡು ಸಮ ಲೋಟಗಳಲ್ಲಿ ಸಮ ಸಮ ನೀರು ತೋರಿಸಿ, ಒಂದನ್ನು ಉದ್ದನೆಯ ಲೋಟಕ್ಕೆ ಸುರಿದು, "ಈಗ ಯಾವ್ದು ಜಾಸ್ತಿ ಪುಟ್ಟಾ?" ಎನ್ನುತ್ತಿದ್ದಳು.

"ಉದ್ದಂದು," ಎನ್ನುತ್ತಿದ್ದಳು ಬುಗುರಿ.

ಅಜ್ಜಿ ಬಿಗಿಹಿಡಿದ ಉಸಿರು ಬಿಡುತ್ತಿದ್ದಳು. "ನನ್ನ ದಡ್ಡಿ, ನನ್ನ ಬಂಗಾರದ ದಡ್ಡಿ," ಎಂದು ಮುತ್ತಿಡುತ್ತಿದ್ದಳು. ಮೊಮ್ಮಗಳ ಬುದ್ಧಿ ಇನ್ನೂ ಬೆಳೆದಿಲ್ಲ ಎಂದು ಹಿಗ್ಗುವ ಅಜ್ಜಿಯನ್ನು ಎಲ್ಲಾದರೂ ಕಂಡಿದ್ದೀರಾ? ಒಮ್ಮೆ ಬುಗುರಿ ಉತ್ತರ ಹೇಳುವ ಮೊದಲು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅಜ್ಜಿ ಕೇಳುವುದನ್ನೇ ನಿಲ್ಲಿಸಿದಳು.

ಬುಗುರಿ ಎರಡನೇ ತರಗತಿಗೆ ಬಂದ ವರ್ಷ, ಒಂದು ರಜೆಯ ಮಧ್ಯಾಹ್ನ ಅಜ್ಜಿ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಅಡುಗೆಮನೆ ಅಲ್ಲಿಂದ ನೇರ ಕಾಣುತ್ತಿತ್ತು. ಮರಿ ಹಾಲು ಬೇಡವೆಂದು ರಂಪ ಮಾಡುತ್ತಿದ್ದ.

"ಅಷ್ಟೊಂದು ಬೇಡಾ! ಲೋಟದ ತುಂಬಾ ಇದೆ! ಬೇಡಾ!"

"ಥೂ ದಡ್ಡ, ದಿನಾ ಕುಡಿಯೋದೇ ಕಣೋ ಇದು. ದಪ್ಪ ಲೋಟದಲ್ಲಿ ಅರ್ಧ, ಈ ಲೋಟದಲ್ಲಿ ತುಂಬಾ. ಎರಡೂ ಒಂದೇ. ನೋಡು," ಎಂದು ಬುಗುರಿ ಹಾಲನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಬಗ್ಗಿಸಿ ತೋರಿಸಿದಳು. "ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ. ಗೊತ್ತಾಯ್ತಾ?"

ಮರಿಗೆ ಗೊತ್ತಾಗಲಿಲ್ಲ. ಅಜ್ಜಿಯ ಕಾಲು ಪೆಡಲಿನ ಮೇಲೆ ನಿಂತಿತು.

"ಇರು, ನಿಂಗೆ ಒಂದು ಉಪಾಯ ಇದೆ," ಎಂದಳು ಬುಗುರಿ. ಸ್ಟೂಲು ಎಳೆದುಕೊಂಡು ಹತ್ತಿ, ಮೇಲಿನ ಶೆಲ್ಫಿಗೆ ಕೈ ಹಾಕಿದಳು. ಈಗ ಅವಳಿಗೆ ಎಟುಕುತ್ತಿತ್ತು. ನೀಲಿ ಅಂಚಿನ ತಟ್ಟೆಯನ್ನು ಊದಿ ಧೂಳು ಹಾರಿಸಿ, ತೊಳೆದು, ಹಾಲನ್ನೆಲ್ಲ ಅದಕ್ಕೆ ಸುರಿದಳು. ತಟ್ಟೆಯನ್ನು ಒಮ್ಮೆ ತಿರುಗಿಸಿದಳು. ಹಾಲು ತೆಳ್ಳಗೆ ಹರಡಿತು. ಮೂಗು ಸುಕ್ಕಿಸಿದಳು.

"ಅಯ್ಯೇ, ಇಷ್ಟೇ..."

ಅಲ್ಲಿಗೆ ನಿಂತಳು.

ಮರಿ ಖುಷಿಯಿಂದ ಕೈ ಚಾಚಿದ್ದ. ಬುಗುರಿ ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ಬಹಳ ನಿಧಾನವಾಗಿ, ಒಂದು ಹನಿಯೂ ಹೊರಗೆ ಬೀಳದಂತೆ, ತಟ್ಟೆಯ ಹಾಲನ್ನು ಮತ್ತೆ ಸಪೂರ ಲೋಟಕ್ಕೆ ಬಗ್ಗಿಸಿದಳು. ಹಾಲು ಏರಿತು, ಏರುತ್ತಲೇ ಹೋಗಿ ಅಂಚಿಗೆ ಬಂದು ನಿಂತಿತು. ಅವಳು ತಮ್ಮನ ಮುಖ ನೋಡಿದಳು, ಅವನ ಗದ್ದ ನೋಡಿದಳು, ಮತ್ತೆ ಲೋಟ ನೋಡಿದಳು.

"ಅಜ್ಜಿ," ಎಂದಳು, ಈ ಕಡೆ ತಿರುಗದೆ. "ಆ ಡಾಕ್ಟ್ರು ಜಾಸ್ತಿ ಮಾಡ್ಲಿಲ್ಲ, ಅಲ್ವಾ?"

ಅಜ್ಜಿ ಎದ್ದಳು. ಮಡಿಲಲ್ಲಿದ್ದ ಯೂನಿಫಾರ್ಮ್ ನೆಲಕ್ಕೆ ಜಾರಿತು. ಅಡುಗೆಮನೆಯ ಬಾಗಿಲವರೆಗೆ ಹೇಗೋ ಬಂದು, ಚೌಕಟ್ಟು ಹಿಡಿದು ನಿಂತಳು.

"ಕೊಡೇ," ಎಂದು ಮರಿ ಲೋಟಕ್ಕೆ ಕೈ ಹಾಕಿ ಎಳೆದ. ಬುಗುರಿ ಎರಡೂ ಕೈಯಲ್ಲಿ ಹಿಡಿದದ್ದನ್ನು ಬಿಡಲಿಲ್ಲ. ಅಂಚಿನವರೆಗೆ ತುಂಬಿದ ಹಾಲು ಅಲುಗಾಡಿ, ಅವಳ ಬೆರಳುಗಳ ಮೇಲೆ ಇಳಿಯತೊಡಗಿತು.